ಹಿಂದಿನ ಸೀಟು

ಲಾಡ್ಜ್ ರೂಮಿನ ಕೀಲಿಕೈಯನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದಾಗ ಹೆಂಡತಿ ಕಾರಿನ ಪಕ್ಕ ನಿಂತು ಬಾಳೆಹಣ್ಣು ಸುಲಿಯುತ್ತಿದ್ದಳು. ಅವನ ಕೈ ತನ್ನಷ್ಟಕ್ಕೆ ತಾನೇ ಹಿಂದಿನ ಬಾಗಿಲಿಗೆ ಹೋಯಿತು. ಬಾಗಿಲು ತೆರೆದು, ಇನ್ನೊಂದು ಕೈಯನ್ನು ಅವಳ ತಲೆ ಚೌಕಟ್ಟಿಗೆ ತಗಲದ ಹಾಗೆ ಮೇಲೆ ಅಡ್ಡ ಹಿಡಿದು ನಿಂತ. 'ಆಯ್ತು ಡ್ರೈವರ್, ಹೊರಡೋಣ' ಎಂದು ಅವಳು ಬಾಯಲ್ಲಿ ಹಣ್ಣು ಇಟ್ಟುಕೊಂಡೇ ಹೇಳಿ ಒಳಗೆ ಕೂತಳು. ಊರು ಬಿಟ್ಟ ದಿನ ಇದಕ್ಕೆ ಇಬ್ಬರೂ ನಕ್ಕಿದ್ದರು. ಮಾರನೆಯ ದಿನ ಅವಳೊಬ್ಬಳೇ ನಕ್ಕಿದ್ದಳು. ಈಗ ಅವಳು ಅಭ್ಯಾಸಬಲದಿಂದ ಹೇಳುತ್ತಿದ್ದಳು, ಅವನು ಅಭ್ಯಾಸಬಲದಿಂದ ತಲೆಯಾಡಿಸುತ್ತಿದ್ದ. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅವನು ಮುಂದೆ ಬಂದು ಕೂತು ಗಾಡಿ ಎತ್ತಿದ.

ಪಕ್ಕದ ಸೀಟಿನಲ್ಲಿ ಅವಳ ಅಂಗಡಿಯ ದೊಡ್ಡ ಕನ್ನಡಿ ಇತ್ತು. ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಎರಡು ಕಂಬಳಿ ಸುತ್ತಿ, ಹಗ್ಗದಲ್ಲಿ ಬಿಗಿದು, ಡ್ಯಾಶ್‌ಬೋರ್ಡಿನಿಂದ ಹಿಂದಿನ ಸೀಟಿನ ಆ ಮೂಲೆಯವರೆಗೆ ಓರೆಯಾಗಿ ಇಟ್ಟಿದ್ದ. ಉಳಿದ ಒಂದೇ ಒಂದು ಜಾಗ ಅವನ ಬೆನ್ನ ಹಿಂದಿನದು. ಅಲ್ಲಿ ಕೂತವಳು ಅವನಿಗೆ ಕಾಣಿಸುತ್ತಿರಲಿಲ್ಲ, ಅವಳಿಗೆ ಅವನ ಕತ್ತು ಕಾಣುತ್ತಿತ್ತು. ಕನ್ನಡಿಯನ್ನು ಗಾಡಿಯ ಟಾಪಿನ ಮೇಲೆ ಕಟ್ಟಬಹುದಿತ್ತಲ್ಲ ಎಂದು ಅವಳು ಹೊರಡುವ ದಿನ ಕೇಳಿದ್ದಳು. ಒಡೆದುಹೋಗುತ್ತೆ ಎಂದಿದ್ದ. ಒಡೆಯುತ್ತಿತ್ತೋ ಇಲ್ಲವೋ, ಅವಳು ಪಕ್ಕದಲ್ಲಿ ಕೂತರೆ ತಾನು ಏನು ಮಾತಾಡಬೇಕು ಎಂಬ ದಿಗಿಲು ಆಗ ಇದ್ದದ್ದು ಮಾತ್ರ ನಿಜ. ಈ ಪ್ರಯಾಣ ಬೇಕೆಂದು ಹಟ ಹಿಡಿದವನೂ ಅವನೇ. ವಿಮಾನದಲ್ಲಿ ಹೋಗಿಬಿಡೋಣ, ಕನ್ನಡಿಯನ್ನು ಲಾರಿಗೆ ಹಾಕೋಣ ಎಂದವಳು ಅವಳು. ಗಾಡಿ ಇದೆ, ನಾನಿದ್ದೀನಿ, ದೇಶ ಪೂರ್ತಿ ನೋಡಿಕೊಂಡು ಹೋಗೋಣ ಎಂದವನು ಅವನು. ಅಷ್ಟು ಉದ್ದದ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಆ ಮಾತು ಬಾಯಿಗೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿದ್ದ. ಸ್ಟೇರಿಂಗ್ ಹಿಡಿದರೆ ತನ್ನ ನಾಲಿಗೆ ಹೊರಳುವುದಿಲ್ಲ ಎಂಬುದನ್ನೇ ಮರೆತುಬಿಟ್ಟಿದ್ದ.

ಅವಳ ಅಕ್ಕ ದೇಶದ ಆ ತುದಿಯಲ್ಲಿ, ಸಮುದ್ರದ ಪಕ್ಕದ ಊರಿನಲ್ಲಿ, ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಇವಳದೂ ಅದೇ ಕೆಲಸ. ಇವಳ ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ ಕುರ್ಚಿಗಳು ಯಾರಯಾರದೋ ಪಾಲಾದವು, ಕನ್ನಡಿ ಮನೆಯ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ನಿಂತಿತು. 'ಬಂದುಬಿಡೇ, ಎರಡನೇ ಕುರ್ಚಿ ಖಾಲಿ ಬಿದ್ದಿದೆ' ಎಂದು ಅಕ್ಕ ಫೋನಿನಲ್ಲಿ ಕರೆಯುತ್ತಲೇ ಇದ್ದಳು. 'ಕನ್ನಡಿ ಕೊಟ್ಟು ಬರೋಣ' ಎಂದಿದ್ದಳು ಇವಳು. ಹೋಗುವವರು ಯಾರು ತಾನೇ ಬರುತ್ತೇನೆ ಎನ್ನದೆ ಹೋಗುತ್ತಾರೆ? ಸಾಮಾನು ತುಂಬುವಾಗ ಅವನು ಡಿಕ್ಕಿಯಲ್ಲಿ ಅವಳ ಕೆಲಸದ ಪೆಟ್ಟಿಗೆಯನ್ನು ಕಂಡ. ಸದಾ ಅಂಗಿಯ ಜೇಬಿನಲ್ಲಿರುವ ಸಣ್ಣ ಕತ್ತರಿಯ ಮಾತು ಬೇರೆ, ಅದು ಅವಳ ಜೊತೆ ಮದುವೆ ಮನೆಗೂ ಬರುತ್ತದೆ, ಆಸ್ಪತ್ರೆಗೂ ಬರುತ್ತದೆ. ಪೆಟ್ಟಿಗೆಯಲ್ಲಿ ದಪ್ಪ ಕೂದಲಿನ ಕತ್ತರಿ, ಹಲ್ಲಿನ ಕತ್ತರಿ, ಮಷಿನ್ನು, ಬಾಚಣಿಗೆಗಳು, ಗಿರಾಕಿಗಳ ಮೈಗೆ ಹೊದಿಸುವ ಬಟ್ಟೆ ಎಲ್ಲ ಒಗೆದು ಮಡಿಚಿ ಇದ್ದವು. ಅಕ್ಕನ ಮನೆಗೆ ನಾಲ್ಕು ದಿನ ಹೋಗಿಬರುವವರು ಮಷಿನ್ನಿಗೆ ಎಣ್ಣೆ ಹಾಕಿ ಒಯ್ಯುವುದಿಲ್ಲ. ಅವನು ಪೆಟ್ಟಿಗೆಯ ಮೇಲೆ ತನ್ನ ಸೂಟ್‌ಕೇಸನ್ನಿಟ್ಟು ಡಿಕ್ಕಿ ಮುಚ್ಚಿದ್ದ.

ಬಯಲು ಶುರುವಾಗಿತ್ತು. ಬೇಲಿ, ಬೇಲಿಯಾಚೆ ಒಣಗಿದ ಹುಲ್ಲು, ದೂರದಲ್ಲಿ ಗಾಳಿಯಂತ್ರಗಳು. ಒಂದೆರಡು ತಿರುಗುತ್ತಿದ್ದವು, ಉಳಿದವು ಸುಮ್ಮನೆ ನಿಂತಿದ್ದವು. ಹಿಂದಿನಿಂದ ಹೆಂಡತಿ 'ನೋಡ್ರೀ, ಅಷ್ಟು ದೊಡ್ಡದು ಮಾಡಿ ನಿಲ್ಲಿಸಿದಾರೆ, ಕೆಲಸ ಮಾಡೋದು ಮಾತ್ರ ಎರಡೇ. ನಮ್ಮ ತಮ್ಮಂದಿರ ಹಾಗೆ' ಎಂದಳು. ಅವನು ಹೂಂ ಎಂದ. ನಗು ಬಂದಿತ್ತು, ಆದರೆ ಅದು ಕತ್ತಿನ ಈಚೆಗೇ ಉಳಿಯಿತು. ಕೆಲಸ ಕಲಿಸಿದ ಹಿರಿಯ ಡ್ರೈವರ್ ಮೊದಲ ದಿನವೇ ಒಳಗಿನ ಕನ್ನಡಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಹೇಳಿದ್ದ: 'ಇದು ರಸ್ತೆ ನೋಡೋಕೆ, ಜನರನ್ನ ನೋಡೋಕಲ್ಲ. ಬಾಗಿಲು ಹಾಕಿದ ಸದ್ದು ಬಂತಾ, ಹೊರಡು. ತಿರುಗಿ ನೋಡಿದ್ರೆ ಯಾಕೆ ನೋಡ್ತೀಯ ಅಂತಾರೆ. ಕಿವಿ ಇರಲಿ, ಮಾತು ಬೇಡ.' ಆಮೇಲೆ ಸಾಹೇಬರ ಹತ್ತಿರ ಸೇರಿ, ಅವರ ಕೂದಲು ಪೂರ್ತಿ ಬೆಳ್ಳಗಾಗಿ ಅವರು ಹೊರಗೆ ಹೋಗುವುದನ್ನೇ ಬಿಡುವ ತನಕ ಅವನು ಆ ಕನ್ನಡಿಯನ್ನು ಕೆಳಗಿಳಿಸಲಿಲ್ಲ. ಒಮ್ಮೆ ಹಿಂದೆ ಕೂತಿದ್ದ ಅತಿಥಿ ಏನೋ ಗುಟ್ಟಿನ ವಿಷಯ ಎತ್ತಿ, ಡ್ರೈವರ್ ಇದ್ದಾನಲ್ಲ ಎಂದು ಅನುಮಾನಿಸಿದಾಗ ಸಾಹೇಬರು 'ಇವನಾ? ಇವನು ಸ್ಟೇರಿಂಗ್ ಜೊತೇಲೇ ಬಂದವನು, ನೀವು ಮಾತಾಡಿ' ಎಂದಿದ್ದರು. ಅವತ್ತು ಮನೆಗೆ ಹೋಗಿ ಅದನ್ನು ಹೆಂಡತಿಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ್ದಳು. ಅವನು ಕೆಲಸ ಬಿಡುವಾಗ ಸಾಹೇಬರು ಈ ಹಳೆಯ ಕಾರನ್ನು ಅವನಿಗೇ ಕೊಟ್ಟರು, ಈಗ ಇದು ಅವನದೇ. ಆದರೂ ತನ್ನದು ಅನಿಸುತ್ತಿರಲಿಲ್ಲ, ಯಾರನ್ನೋ ಬಿಟ್ಟು ವಾಪಸ್ ತರುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ನಿನ್ನೆ ಸಂಜೆ ರೂಮಿನ ಹೊರಗೆ ಅವನು ಗಾಜು ಒರೆಸುತ್ತಿದ್ದಾಗ ಕಿಟಕಿಯ ಆಚೆ ಅವಳು ಅಕ್ಕನ ಜೊತೆ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. 'ಹೇಳ್ತೀನಿ ಕಣೇ. ಅವರಿಗೆ ಹೇಳ್ಬೇಕಲ್ಲ ಮೊದಲು. ನಾಡಿದ್ದಿನೊಳಗೆ ಹೇಳ್ತೀನಿ.' ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ನಾಡಿದ್ದು ಎಂದರೆ ಅಕ್ಕನ ಊರು. ಒಳಗೆ ಹೋದಾಗ ಅವಳು ಮಂಚದ ಮೇಲೆ ಕಾಲು ಚಾಚಿ ಕೂತು ಟಿವಿಯ ಚಾನೆಲ್ ಬದಲಿಸುತ್ತಿದ್ದಳು, 'ಏನು, ಗಾಜು ತೆಳ್ಳಗಾಗೋ ಹಾಗೆ ಒರೆಸ್ತಿದ್ರಿ' ಎಂದಳು. 'ಹುಳ ಕೂತಿತ್ತು' ಎಂದ. ಅಷ್ಟೇ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಮಲಗಿದ.

ಇದು ಮೊದಲ ಸಲ ಅಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು. ಅವಳ ತಾಯಿ ತೀರಿಕೊಂಡಾಗ ಸಾಹೇಬರು ದೊಡ್ಡ ಮನಸ್ಸು ಮಾಡಿ ಇದೇ ಗಾಡಿಯನ್ನು ಕೊಟ್ಟಿದ್ದರು. ಮಣ್ಣು ಮಾಡಿ ವಾಪಸ್ ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಮಲಗುತ್ತೇನೆ ಎಂದು ಹಿಂದೆ ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ ಅಳು ಶುರುವಾಯಿತು. ಮೊದಲು ಮೂಗು ಎಳೆದುಕೊಳ್ಳುವ ಸದ್ದು, ಆಮೇಲೆ ತಡೆಯಲಾಗದ ಅಳು. ಅವನು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ವೇಗ ಸ್ವಲ್ಪವೂ ಏರುಪೇರಾಗದಂತೆ ಓಡಿಸುತ್ತಾ, 'ಎಸಿ ಜಾಸ್ತಿ ಮಾಡ್ಲಾ?' ಎಂದು ಕೇಳಿದ್ದ. ಅಳು ಅಲ್ಲಿಗೆ ನಿಂತಿತು. ಎಸಿಯಿಂದ ಆರಾಮಾಯಿತು ಎಂದುಕೊಂಡಿದ್ದ ಪುಣ್ಯಾತ್ಮ. ಎಷ್ಟೋ ವರ್ಷ ಆದ ಮೇಲೆ ಒಂದು ಬೆಳಿಗ್ಗೆ ಗಾಡಿ ತೊಳೆಯುವಾಗ, ಹಿಂದಿನ ಸೀಟಿನ ಸಂದಿಯಲ್ಲಿ ಬಟ್ಟೆ ತೂರಿಸಿ ಉಜ್ಜುತ್ತಿದ್ದಾಗ, ಯಾವ ಕಾರಣವೂ ಇಲ್ಲದೆ, ಅವಳು ಅವತ್ತು ಅಳು ನಿಲ್ಲಿಸಿದ್ದು ಯಾಕೆಂದು ಅರ್ಥವಾಗಿ ಮೈ ಬಿಸಿಯಾಯಿತು. ಬಕೆಟ್ಟಿನ ನೀರು ಚೆಲ್ಲಿ ಹೊಸ ನೀರು ಹಿಡಿದು ತಂದು ಕೆಲಸ ಮುಂದುವರಿಸಿದ್ದ. ಅವಳಿಗೆ ಅದು ನೆನಪಿದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಕೇಳಿಲ್ಲ.

ಬಂಕ್ ಬಂದಾಗ ಬಿಸಿಲು ಏರಿತ್ತು. ಸುತ್ತ ಒಂದು ಮನೆಯೂ ಇಲ್ಲ. ಒಂದು ಅಂಗಡಿ, ಹಿಂದುಗಡೆ ಶೌಚಾಲಯ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಹೆಂಡತಿ ಕೈಚೀಲ ಹಿಡಿದು ಇಳಿದಳು, 'ನೀವೂ ಕಾಲಾಡಿಸಿ ಬನ್ನಿ, ಹಾಗೇ ಕೂತ್ರೆ ಬೇರು ಬಿಡ್ತೀರ' ಎಂದು ಹೇಳಿ ಹಿಂದುಗಡೆ ಹೋದಳು. ಅವನು ಪೆಟ್ರೋಲ್ ತುಂಬಿಸಿ, ಚಕ್ರಗಳನ್ನು ಕಾಲಿನಿಂದ ಒದ್ದು ನೋಡಿ, ಕಂಬಳಿಯ ಹಗ್ಗ ಎಳೆದು ಬಿಗಿ ಮಾಡಿ, ಒಳಗೆ ಕೂತ. ಕಣ್ಣು ಮುಚ್ಚಿದ. ಇಲ್ಲೇ ಹೇಳಿಬಿಡಬಹುದು, ಅವಳು ಬಂದ ತಕ್ಷಣ, ಗಾಡಿ ನಿಂತಿರುವಾಗಲೇ. ನಿಂತ ಗಾಡಿಯಲ್ಲಿ ತಾನೊಬ್ಬ ಗಂಡ, ಓಡುವ ಗಾಡಿಯಲ್ಲಿ ಡ್ರೈವರ್. ಹಿಂದಿನ ಬಾಗಿಲು ತೆರೆಯಿತು. ಸೀಟಿನ ಮೇಲೆ ಏನೋ ಧಪ್ ಎಂದಿತು. ಬಾಗಿಲು ಹಾಕಿಕೊಂಡಿತು. ಆ ಸದ್ದಿಗೆ ಅವನ ಕೈ ಕೀಲಿ ತಿರುಗಿಸಿತು, ಕಾಲು ಕೆಲಸ ಶುರುಮಾಡಿತು, ಮನಸ್ಸು ತಡವಾಗಿ ಬಂದು ಸೇರಿಕೊಂಡಿತು. ಅಷ್ಟರಲ್ಲಿ ಹೆದ್ದಾರಿಗೆ ಬಂದಾಗಿತ್ತು.

ನೀರಿಲ್ಲದ ನದಿಯೊಂದರ ಸೇತುವೆ ದಾಟಿದ ಮೇಲೆ ರಸ್ತೆ ಒಂದೇ ಗೆರೆಯಾಗಿ ಮುಂದೆ ಹೋಯಿತು. ಹಿಂದೆ ಅವಳು ಸುಮ್ಮನಿದ್ದಳು. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಶೌಚಾಲಯ ಎಷ್ಟು ಗಲೀಜಾಗಿತ್ತು ಎಂಬ ವರದಿ ಬರಬೇಕಿತ್ತು. ಬಹುಶಃ ಅವಳೂ ಹೇಳಲು ಸಿದ್ಧವಾಗುತ್ತಿದ್ದಾಳೆ, ಮಾತು ಕೂಡಿಸಿಕೊಳ್ಳುತ್ತಿದ್ದಾಳೆ ಎನಿಸಿತು. ಅವಳು ಹೇಳಿಬಿಟ್ಟರೆ ಮುಗಿಯಿತು, ತಾನು ಹೂಂ ಎನ್ನುತ್ತೇನೆ, ಅಷ್ಟು ಖಂಡಿತ. ಹೂಂ ಎಂದು, ಕನ್ನಡಿ ಇಳಿಸಿ, ಪೆಟ್ಟಿಗೆ ಇಳಿಸಿ, ಅಕ್ಕನ ಮನೆಯ ಊಟ ಮಾಡಿ, ಖಾಲಿ ಗಾಡಿ ಓಡಿಸಿಕೊಂಡು ಇದೇ ದಾರಿಯಲ್ಲಿ ಬರುತ್ತೇನೆ. ಆ ಗಾಳಿಯಂತ್ರಗಳನ್ನು ಮತ್ತೆ ನೋಡುತ್ತೇನೆ.

'ನೋಡು' ಎಂದ. ಸ್ವಂತ ದನಿ ಗಾಜಿಗೆ ತಾಗಿ ವಾಪಸ್ ಬಂದಂತಾಯಿತು. 'ನಿನ್ನೆ ನೀನು ಫೋನಲ್ಲಿ ಮಾತಾಡಿದ್ದು ನನಗೆ ಕೇಳಿಸ್ತು. ಕದ್ದು ಕೇಳಿದ್ದಲ್ಲ. ಅಥವಾ ಹಾಗೇ ಅಂದ್ಕೋ. ನೀನು ಅಲ್ಲೇ ಉಳ್ಕೋತೀಯ ಅಂತ ನನಗೆ ಮೊದಲೇ ಗೊತ್ತಾಗಿದೆ. ಪೆಟ್ಟಿಗೆ ನೋಡಿದೆ.' ಲಾರಿಯೊಂದು ಎದುರಿನಿಂದ ಬಂದು ಹೋಯಿತು. ಅದು ಹೋಗುವ ತನಕ ಕಾದ. 'ನಾನು ಬೇಡ ಅನ್ನಲ್ಲ ಅಂತ ನೀನು ತಿಳ್ಕೊಂಡಿರ್ತೀಯ. ಯಾವತ್ತೂ ಬೇಡ ಅಂದಿಲ್ಲ ನಾನು, ಬೇಕು ಅಂತಾನೂ ಅಂದಿಲ್ಲ. ಈಗ ಅಂತಿದ್ದೀನಿ. ನೀನು ಅಲ್ಲಿ ಉಳಿಯೋದು ನನಗೆ ಬೇಡ. ಅಂಗಡಿ ಬೇಕಾದ್ರೆ ನಮ್ಮೂರಲ್ಲೇ ಹುಡುಕೋಣ, ಹಜಾರದಲ್ಲೇ ಕುರ್ಚಿ ಹಾಕು, ನಾನು ಕೂದಲು ಗುಡಿಸ್ತೀನಿ. ಆ ಮನೇಲಿ ನಾನೊಬ್ಬನೇ ಇರೋಕೆ ನನ್ನಿಂದಾಗಲ್ಲ.' ನೀರಿನ ಬಾಟಲಿ ಕಾಲ ಹತ್ತಿರವೇ ಇತ್ತು, ತೆಗೆದುಕೊಳ್ಳಲಿಲ್ಲ. 'ಅಮ್ಮನ್ನ ಮಣ್ಣು ಮಾಡಿ ಬರೋವಾಗ ನೀನು ಅತ್ತೆ. ನಾನು ಎಸಿ ಅಂದೆ. ಗಾಡಿ ನಿಲ್ಲಿಸ್ಬೇಕಿತ್ತು. ನಿಲ್ಲಿಸಿ ಹಿಂದೆ ಬಂದು ನಿನ್ನ ಪಕ್ಕ ಕೂತ್ಕೋಬೇಕಿತ್ತು.'

ಹಿಂದಿನಿಂದ ಉತ್ತರ ಬರಲಿಲ್ಲ. ಅವನು ಕಾದ. ಕತ್ತಿನ ಮೇಲೆ ಅವಳ ನೋಟ ಇರುವುದು ಅವನಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು, ಅಲ್ಲಿ ಚರ್ಮ ಬಿಗಿಯಾಗಿತ್ತು. ಜನರ ಮುಖಕ್ಕಿಂತ ಕತ್ತು ನೋಡಿದರೆ ಹೆಚ್ಚು ತಿಳಿಯುತ್ತದೆ ಎಂದು ಅವಳು ಗಿರಾಕಿಗಳ ಹತ್ತಿರ ಹೇಳುತ್ತಿದ್ದಳು. ಯಾರಿಗೆ ನಿದ್ದೆ ಇಲ್ಲ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಎಲ್ಲ ಹೇಳುತ್ತಿದ್ದಳು. ನೋಡಲಿ. ಬೇಲಿಯ ಕಂಬಗಳು ಹಿಂದೆ ಸರಿದವು. ಬಹಳ ಹೊತ್ತಾಯಿತು. ಮೊದಲು ಬಂದದ್ದು ನಾಚಿಕೆ, ಈ ವಯಸ್ಸಿಗೆ ಇಷ್ಟೆಲ್ಲ ಬಡಬಡಿಸಿದೆನಲ್ಲ ಎಂದು. ಆಮೇಲೆ ಸಿಟ್ಟು ಬಂತು. ಒಂದು ಹೂಂ ಎನ್ನಲು ಏನು ಕಷ್ಟ? ಮನುಷ್ಯ ಒಳಗಿನದನ್ನೆಲ್ಲ ಕಿತ್ತು ಹೊರಗಿಟ್ಟಾಗ ಕಲ್ಲಿನ ಹಾಗೆ ಕೂರುವುದೆಂದರೆ? ಆ ಸಿಟ್ಟಿನ ಮಧ್ಯದಲ್ಲೇ, ಅವಳು ಇಷ್ಟು ವರ್ಷ ಉತ್ತರಕ್ಕೆ ಕಾದು ಕೂತದ್ದು ಇದೇ ಜಾಗದಲ್ಲಿ ಎಂಬುದು ಹೊಳೆದು ಸಿಟ್ಟು ಅರ್ಧಕ್ಕೇ ನಿಂತಿತು.

ಹಿಂದೆ ಅವಳ ಫೋನ್ ರಿಂಗಾಯಿತು. ಅಕ್ಕನೇ ಇರಬೇಕು. ಅದು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಮತ್ತೆ ರಿಂಗಾಯಿತು. ಅವಳು ಎತ್ತಲಿಲ್ಲ. ಅಳುತ್ತಿದ್ದಾಳೆ ಎಂದುಕೊಂಡ ಅವನು. ಈ ಸಲ ಅವನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಗಾಡಿಯನ್ನು ನಿಧಾನಕ್ಕೆ ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಕೈ ಎತ್ತಿ ಒಳಗಿನ ಕನ್ನಡಿಯನ್ನು ಕೆಳಕ್ಕೆ ಬಾಗಿಸಿದ. ಕನ್ನಡಿಯಲ್ಲಿ ಖಾಲಿ ಸೀಟಿತ್ತು, ಸೀಟಿನ ಮೇಲೆ ಅವಳ ಕೈಚೀಲ ಇತ್ತು, ಚೀಲದೊಳಗೆ ಫೋನ್ ರಿಂಗಾಗುತ್ತಿತ್ತು. ಸ್ವಲ್ಪ ಹೊತ್ತು ಅವನು ಅದನ್ನು ನೋಡುತ್ತಲೇ ಕೂತಿದ್ದ. ಆಮೇಲೆ ಇಳಿದು, ಹಿಂದಿನ ಬಾಗಿಲು ತೆಗೆದು, ಫೋನ್ ಎತ್ತಿದ.

'ಎಲ್ಲಿದ್ದೀರ?' ಹೆಂಡತಿಯ ದನಿ.

'ಗಾಡೀಲಿ.'

'ಅದು ಗೊತ್ತು. ಹೋಗೋದನ್ನ ನೋಡ್ತಾ ನಿಂತಿದ್ದೆನಲ್ಲ.'

'ಬಾಗಿಲು ಹಾಕಿದ ಸದ್ದು ಬಂತು.'

'ಚೀಲ ಇಟ್ಟು ಟೀ ತರೋಕೆ ಹೋದೆ. ಎರಡೂ ಕೈಯಲ್ಲಿ ಟೀ ಹಿಡ್ಕೊಂಡು ಕೂಗಿದೆ. ಅಂಗಡಿಯವರ ಫೋನಲ್ಲಿ ಮಾತಾಡ್ತಿದ್ದೀನಿ. ನಿಮ್ಮ ನಂಬರು ಬಾಯಿಗೆ ಬರಲ್ಲ, ನಂದೊಂದೇ ಬರೋದು.' ಆಮೇಲೆ 'ಇಷ್ಟು ಹೊತ್ತು ಹಿಂದೆ ಯಾರೂ ಇಲ್ಲ ಅಂತ ಗೊತ್ತೇ ಆಗ್ಲಿಲ್ವಾ ನಿಮಗೆ?' ಎಂದಳು.

ಅವನು ಬಯಲನ್ನು ನೋಡಿದ. 'ಇಲ್ಲ' ಎಂದ. 'ಬರ್ತೀನಿ. ಅಲ್ಲೇ ಇರು.'

'ಇನ್ನೆಲ್ಲಿಗೆ ಹೋಗ್ಲಿ' ಎಂದು ಅವಳು ಫೋನ್ ಇಟ್ಟಳು.

ರಸ್ತೆಯ ನಡುವೆ ಉದ್ದಕ್ಕೂ ಕಟ್ಟೆ ಇತ್ತು. ಬಹಳ ಮುಂದೆ ಹೋಗಿ ತಿರುವು ಸಿಗುವ ತನಕ ವಾಪಸ್ ಬರಲು ದಾರಿಯಿರಲಿಲ್ಲ. ಅಲ್ಲಿಯವರೆಗೂ, ಅಲ್ಲಿಂದ ಬಂಕಿನವರೆಗೂ, ಅವನು ಅದೇ ಮಾತನ್ನು ಮತ್ತೆ ಹೇಳಲು ನೋಡಿದ. ಅಕ್ಷರಕ್ಕಕ್ಷರ ನೆನಪಿತ್ತು, ದನಿ ಹೊರಡಲಿಲ್ಲ. ಖಾಲಿ ಸೀಟು ಎಂದು ಗೊತ್ತಾದ ಮೇಲೆ ಅದಕ್ಕೂ ಹೇಳಲು ಆಗುತ್ತಿರಲಿಲ್ಲ. ಇಷ್ಟು ವರ್ಷಕ್ಕೆ ಒಂದು ಸಲ ಬಾಯಿ ಬಿಟ್ಟದ್ದು, ಅದೂ ಚೀಲಕ್ಕೆ. ಅವಳಿಗೆ ಹೇಳಿದರೆ ಊರು ತಲುಪುವವರೆಗೂ ನಗುತ್ತಾಳೆ ಎಂದುಕೊಂಡ. ಯಾವ ಊರು ಎಂಬುದು ಗೊತ್ತಿಲ್ಲದೆ ಆ ಯೋಚನೆ ಅಲ್ಲಿಗೇ ನಿಂತಿತು.

ಬಂಕಿನಲ್ಲಿ ಅವಳು ಕೆಲಸದಲ್ಲಿದ್ದಳು. ಅಂಗಡಿಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೌಂಟರಿನ ಹೆಂಗಸನ್ನು ಕೂರಿಸಿ, ಅವಳ ಹಣೆಯ ಮುಂಗೂದಲನ್ನು ಸಣ್ಣ ಕತ್ತರಿಯಿಂದ ಸಮ ಮಾಡುತ್ತಿದ್ದಳು. ಅವನು ಇಳಿದು, ಹಿಂದಿನ ಬಾಗಿಲು ತೆರೆದಿಟ್ಟು, ಬಂದು ಪಕ್ಕದಲ್ಲಿ ನಿಂತ. ಅವಳು ತಲೆ ಎತ್ತಲಿಲ್ಲ. 'ಫೋನ್ ಕೊಟ್ಟಿದ್ದಕ್ಕೆ' ಎಂದಳು. ಕೌಂಟರಿನ ಹೆಂಗಸು ಕಣ್ಣು ಮುಚ್ಚಿಕೊಂಡೇ 'ಇವರೇನಾ ಬಿಟ್ಟು ಹೋದವರು?' ಎಂದು ಕೇಳಿದಳು. 'ಇವರೇ' ಎಂದಳು ಹೆಂಡತಿ, 'ಕೆಟ್ಟವರೇನಲ್ಲ. ಬಾಗಿಲು ಹಾಕಿದ್ರೆ ಹೊರಡ್ತಾರೆ, ಅಷ್ಟೇ.' ಅವನ ಕಿವಿ ಬಿಸಿಯಾಯಿತು. ಹೆಂಗಸು ಎದ್ದು ಅಂಗಡಿಯ ಗಾಜಿನಲ್ಲಿ ಹಣೆ ನೋಡಿಕೊಂಡು, ಚೆನ್ನಾಗಿದೆ ಎಂದು ಒಳಗೆ ಹೋದಳು.

'ಟೀ?' ಎಂದ.

'ನಿಮ್ಮದೂ ನಾನೇ ಕುಡಿದೆ.' ಅವಳು ಕುರ್ಚಿಯ ಮೇಲಿನ ಕೂದಲನ್ನು ಕೈಯಿಂದ ಕೊಡವಿದಳು. 'ಕೂತ್ಕೊಳ್ಳಿ. ಹೊರಟಾಗಿನಿಂದ ಅದೊಂದೇ ನೋಡ್ತಿದ್ದೀನಿ, ಕತ್ತಿನ ಹತ್ತಿರ ಗುಬ್ಬಿಗೂಡಾಗಿದೆ.'

ಅವನು ರಸ್ತೆಗೆ ಮುಖ ಮಾಡಿ ಕೂತ. ಎದುರಿಗೆ ಗಾಡಿ ನಿಂತಿತ್ತು, ಹಿಂದಿನ ಬಾಗಿಲು ಅವನು ತೆರೆದಿಟ್ಟ ಹಾಗೇ ತೆರೆದಿತ್ತು. ಅವಳ ಎಡಗೈ ಅವನ ತಲೆಯನ್ನು ಮುಂದಕ್ಕೆ ಬಾಗಿಸಿತು. 'ಅಲುಗಾಡ್ಬೇಡಿ' ಎಂದಳು. ಯಾವತ್ತೂ ಹೇಳುವುದು ಅದನ್ನೇ. ಮದುವೆಯಾದ ಹೊಸತರಲ್ಲಿ ಹೀಗೇ ಹಿತ್ತಿಲಲ್ಲಿ ಕೂರಿಸಿ ಕತ್ತರಿಸುವಾಗ ಅವಳು ಹೇಳಿದ ಮೊದಲ ಹುಕುಂ ಅದು, ಅವನು ಅದನ್ನು ಅಂದಿನಿಂದ ಮೀರಿಲ್ಲ. ಕತ್ತರಿ ಕಚಕಚ ಎನ್ನತೊಡಗಿತು. ತಣ್ಣಗಿನ ಲೋಹ ಕಿವಿಯ ಹಿಂದೆ ಬಂದು ಹೋಯಿತು. ಹೆಗಲ ಮೇಲೆ ಬಿದ್ದ ಕೂದಲು ನೋಡಿದ, ನಿನ್ನೆ ಮೊನ್ನೆಗಿಂತ ಬೆಳ್ಳಗಿತ್ತು. ಹಿಂದೆ ಅವಳಿದ್ದಾಳೆ. ಈ ಸಲ ಇದ್ದಾಳೆ, ಉಸಿರು ತಾಗುತ್ತಿದೆ, ಟೀಯ ವಾಸನೆ ಬರುತ್ತಿದೆ.

'ಗಾಡೀಲಿ ನಾನು ನಿನ್ನ ಹತ್ತಿರ ಮಾತಾಡ್ತಿದ್ದೆ' ಎಂದ. 'ನೀನಿದ್ದೀಯ ಅಂತ.'

'ನೀವಾ?' ಎಂದಳು. 'ಏನು ಮಾತಾಡಿದ್ರಿ?'

ಬಯಲಿನ ಗಾಳಿಗೆ ಕಂಬಳಿಯ ಅಂಚು ಗಾಡಿಯೊಳಗೆ ಅಲ್ಲಾಡುವುದು ಕಾಣುತ್ತಿತ್ತು. ಅಷ್ಟು ಉದ್ದದ ಮಾತು ಎಲ್ಲಿ ಹೋಯಿತೋ, ಅಂಗಡಿ, ಹಜಾರ, ಪೆಟ್ಟಿಗೆ, ಎಸಿ, ಒಂದೂ ಸಾಲಾಗಿ ನಿಲ್ಲಲಿಲ್ಲ. ಕೆಳಗೆ ನೋಡುತ್ತಾ, ತನ್ನ ಎರಡು ಕೈಗಳು ಮೊಣಕಾಲಿನ ಮೇಲೆ ಸ್ಟೇರಿಂಗ್ ಹಿಡಿದ ಹಾಗೇ ಇರುವುದನ್ನು ಕಂಡು, ಅವುಗಳನ್ನು ಬಿಡಿಸಿ ಅಂಗಾತ ಇಟ್ಟ.

'ಅಲ್ಲಿ ಉಳ್ಕೋಬೇಡ' ಎಂದ. 'ನನ್ನ ಜೊತೆ ವಾಪಸ್ ಬಾ.'

ಒಳಗೆ ಅಂಗಡಿಯ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು.

'ಇನ್ನೊಂದ್ಸಲ ಹೇಳಿ' ಎಂದಳು ಹೆಂಡತಿ. ದನಿ ಎಂದಿನಂತಿರಲಿಲ್ಲ. 'ಕತ್ತರಿ ಸದ್ದಿಗೆ ಕೇಳಿಸ್ಲಿಲ್ಲ.'

ಕತ್ತರಿ ನಿಂತು ಆಗಲೇ ಬಹಳ ಹೊತ್ತಾಗಿತ್ತು. ಅವನು ಕುರ್ಚಿಯಲ್ಲೇ ಹೊರಳಿ, ಹಿಂದಕ್ಕೆ ತಿರುಗಿ, ಅವಳ ಮುಖ ನೋಡಿ ಅದನ್ನೇ ಮತ್ತೆ ಹೇಳಿದ. ಅವಳು ಅಲುಗಾಡಬೇಡಿ ಎನ್ನಲಿಲ್ಲ.